ಸಮುದ್ರದಂಚಿನಲ್ಲಿ ಅಧ್ಯಕ್ಷರ ಭಾಷಣ

ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳ ಸಂಘದವರು ಥಾಯ್ಲೆಂಡಿನ ಒಂದು ಸಣ್ಣ ದ್ವೀಪಕ್ಕೆ ಪ್ರವಾಸ ಹೋಗಿದ್ದರು. ಅಡುಗೆಗೆಂದು ನೀಲವ್ವನನ್ನೂ ಕರೆದೊಯ್ದಿದ್ದರು. ದೋಣಿ ಇಳಿದವರೆಲ್ಲ ಉಟ್ಟ ಬಟ್ಟೆಯಲ್ಲೇ ನೀರಿನತ್ತ ಹೊರಟರು. ಅಧ್ಯಕ್ಷ ಶಂಕ್ರಪ್ಪ ಹಲಗೇರಿಯವರು ಕೈ ಅಡ್ಡ ಹಿಡಿದರು.

"ಮೊದಲು ನನ್ನ ಭಾಷಣ. ಅದು ಮುಗಿಯೋತನಕ ಒಬ್ಬರೂ ನೀರಿಗೆ ಇಳೀಬ್ಯಾಡ್ರಿ."

ಅವರ ಭಾಷಣ ಎಷ್ಟುದ್ದ ಎಂಬುದು ಎಲ್ಲರಿಗೂ ಗೊತ್ತಿತ್ತು. ದೋಣಿ ಸಂಜೆಗೆ ಮೊದಲೇ ವಾಪಸು ಹೊರಡುವುದಿತ್ತು.

ಸಮುದ್ರ ಏರತೊಡಗಿದೆ ಎಂದು ದೋಣಿಯವನು ಕೈಸನ್ನೆಯಲ್ಲಿ ತೋರಿಸಿದ್ದನ್ನು ನೀಲವ್ವ ನೋಡಿದ್ದಳು. ಅವಳು ಜನರನ್ನು ಮೇಲೆ ತೆಂಗಿನ ನೆರಳಲ್ಲಿ ಕೂರಿಸಿದಳು. ಅಧ್ಯಕ್ಷರ ಪ್ಲಾಸ್ಟಿಕ್ ಕುರ್ಚಿಯನ್ನು ಮಾತ್ರ ನೀರಿನ ಅಂಚಿಗೆ ಒಯ್ದು ಹಾಕಿದಳು.

"ಇಲ್ಲಿ ನಿಂತು ಮಾತಾಡ್ರಿ ಸಾವ್ಕಾರ್ರ. ಹಿಂದ ಸಮುದ್ರ ಇದ್ರ ಫೋಟೊ ಭಾಳ ಚಂದ ಬರ್ತಾವ."

ಶಂಕ್ರಪ್ಪನವರಿಗೆ ಆ ಮಾತು ಹಿಡಿಸಿತು. ಸಂಘದ ಹುಟ್ಟಿನಿಂದ ಶುರು ಮಾಡಿದರು. ಮೊದಲನೆಯ ಅಧ್ಯಕ್ಷರ ಗುಣಗಾನಕ್ಕೆ ಬರುವಷ್ಟರಲ್ಲಿ ಅಲೆ ಪಾದ ತೋಯಿಸಿತು. ಎರಡನೆಯವರ ಹೊತ್ತಿಗೆ ಪಂಚೆ ಎತ್ತಿ ಕಟ್ಟಿದರು. ಕುರ್ಚಿ ಮೆಲ್ಲಗೆ ತೇಲಿ ಹೊರಟಿತು.

"ಏನಬೇ ನೀಲವ್ವ ಇದು?"

"ಸಮುದ್ರಾನೂ ನಿಮ್ಮ ಮಾತು ಕೇಳಾಕ ಹತ್ರ ಬಂದೈತ್ರಿ. ನೀವು ನಡಸ್ರಿ."

ಜನ ನಗು ನುಂಗಿಕೊಂಡು ಕೂತರು. ಶಂಕ್ರಪ್ಪನವರು ತಮ್ಮ ಸ್ವಂತ ಸಾಧನೆಗೆ ಬರುವ ಮೊದಲೇ ದೊಡ್ಡ ಅಲೆಯೊಂದು ಅವರ ಬೆನ್ನಿಗೆ ಬಡಿಯಿತು. "ಇಷ್ಟು ಹೇಳಿ ನನ್ನ ಮಾತು ಮುಗಸ್ತೀನಿ" ಅಂದರು. ಚಪ್ಪಾಳೆ ಜೋರಾಗಿ ಬಿತ್ತು. ಜನ ನೀರಿಗೆ ಓಡಿದರು.

ಊರಿಗೆ ಬಂದ ಮೇಲೆ ಶಂಕ್ರಪ್ಪನವರು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು: "ನಮ್ಮ ಸಂಘದಾಗ ಎಲ್ಲಾರಕಿಂತ ಮೊದಲ ಸಮುದ್ರಕ್ಕ ಇಳದಾಂವ ನಾನ."