ತಾಮ್ರದ ಕಣವೂ ಗಂಜಿಯೂ

ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಮೈಲುತುತ್ತ ಕರಗಿದ ನೀಲಿ ನೀರು ಬೆಚ್ಚಗಿತ್ತು. ಸಂಶೋಧಕಿ ಅದಕ್ಕೆ ತಿಳಿಗಂಜಿಯನ್ನೂ ವಿಟಮಿನ್ ಸಿ ಪುಡಿಯನ್ನೂ ಬೆರೆಸಿದಳು. ನೀಲಿ ಮಾಸಿ, ಕಣ್ಣಿಗೆ ಕಾಣದಷ್ಟು ಸಣ್ಣ ತಾಮ್ರದ ಕಣಗಳು ಹುಟ್ಟಿದವು. ಅವುಗಳಲ್ಲೊಂದು ಕಣ್ಣುಬಿಟ್ಟಾಗ ಗಂಜಿಯ ಮಡಿಲಲ್ಲಿ ತೇಲುತ್ತಿತ್ತು. ಕನಸಿನೊಳಗೇ ಎಚ್ಚರವಾದಂತೆ ಅನಿಸಿತು ಅದಕ್ಕೆ. ತುಸು ದೂರದಲ್ಲಿ ಒಡಹುಟ್ಟಿದವರು ಹೊಳೆಯುತ್ತಿದ್ದರು.

"ನನ್ನನ್ನು ಬಿಡು, ಅವರನ್ನು ಅಪ್ಪಿಕೊಳ್ಳಬೇಕು" ಎಂದಿತು ಕಣ.

"ಅಪ್ಪಿದರೆ ನೀನು ಮತ್ತೆ ಬಿಡಿಸಿಕೊಳ್ಳಲಾರೆ. ಇಲ್ಲಿಂದಲೇ ಮಾತಾಡಿಸು" ಎಂದಿತು ಗಂಜಿ.

"ನಮ್ಮ ಅಕ್ಕರೆ ನಿನಗೇನು ಗೊತ್ತು?"

ಗಂಜಿ ಉತ್ತರಿಸುವ ಮೊದಲೇ ಅಕ್ಕ ಕಣವೊಂದು ಮಡಿಲಿಂದ ಜಾರಿ ಇನ್ನೊಂದನ್ನು ಅಪ್ಪಿತು. ಮತ್ತೆ ಹತ್ತು, ಮತ್ತೆ ನೂರು ಬಂದು ಅಂಟಿಕೊಂಡವು. ಆ ಗಂಟು ಭಾರವಾಗಿ, ನಿದ್ದೆಗೆ ಜಾರುವಂತೆ ಮೆಲ್ಲನೆ ತಳಕ್ಕಿಳಿದು ಕೆಸರಾಯಿತು.

"ಅಕ್ಕಾ!" ಎಂದು ಪುಟ್ಟ ಕಣ ಕೂಗಿತು. ಆ ಕೆಸರಿನಲ್ಲಿ ಅಕ್ಕ ಯಾರು, ಉಳಿದವರು ಯಾರು ಎಂದು ತಿಳಿಯಲಿಲ್ಲ.

ಬಹಳ ಹೊತ್ತಿನ ಮೇಲೆ ತಂಗಿ ಕಣವೊಂದು ಎದುರಿಗೆ ತೇಲಿಬಂದು, "ನಾನು ಹತ್ತಿರ ಬರಲೇ?" ಎಂದು ಕೇಳಿತು.

"ಅಲ್ಲೇ ಇರು ತಂಗಿ" ಎಂದಿತು ಕಣ, "ನಾನು ನಿನ್ನನ್ನು ನೋಡುತ್ತಿರಬೇಕು."