ಗೊಬ್ಬರದ ಬುಟ್ಟಿಯ ಅಕ್ಕರೆ

ಒಂದು ಹಿತ್ತಲಿನಲ್ಲಿ ಗೊಬ್ಬರದ ಬುಟ್ಟಿಯೊಂದಿತ್ತು. ಅಲ್ಲಿನ ದಾಸವಾಳ, ಬಸಳೆ, ಬದನೆ ಎಲ್ಲವೂ ಅದರ ಕೈತುತ್ತು ತಿಂದೇ ಬೆಳೆದಿದ್ದವು. ಹಾಗಾಗಿ ಹಸಿವು ಎಂದರೆ ಏನೆಂದು ತನಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂದು ಬುಟ್ಟಿ ನಂಬಿತ್ತು.

ಒಂದು ಮಳೆಗಾಲ ಅದರ ಪಕ್ಕಕ್ಕೆ ಚಟ್ಟಿಯಲ್ಲಿ ಪುಟ್ಟ ಗಿಡವೊಂದು ಬಂತು. ಮುರಕಲ್ಲಿನ ಕೆಂಪು ಬಂಡೆಯ ಮೇಲಿನ ಜೌಗಿನಲ್ಲಿ ಹುಟ್ಟಿ, ಅಂಟು ಎಲೆಯಿಂದ ನುಸಿ ಹಿಡಿದು ತಿನ್ನುವ ಗಿಡ ಅದು. ಅಂಗಿಯ ಗುಂಡಿಯಷ್ಟೇ ಅಗಲ. ನಡುವಿನ ಕಡ್ಡಿಯ ತುದಿಯಲ್ಲಿ ಗುಲಾಬಿ ಬಣ್ಣದ ಒಂದೇ ಒಂದು ಮೊಗ್ಗು.

“ಅಯ್ಯೋ ಕೂಸೇ, ಚಟ್ಟಿಯಲ್ಲಿ ಬರೀ ಮರಳು! ಯಾವ ಪಾಪಿ ನಿನ್ನನ್ನು ಹೀಗೆ ಉಪವಾಸ ಕೆಡವಿದ್ದು?” ಎಂದಿತು ಬುಟ್ಟಿ.

“ಉಪವಾಸವಲ್ಲ ಅತ್ತೆ. ನನಗೆ ಸಾರವಿಲ್ಲದ ಮಣ್ಣೇ ಆಗಬೇಕು. ಬುಡದಲ್ಲಿ ಮಳೆನೀರು, ಮೇಲೆ ಬಿಸಿಲು, ಎಲೆಗೆ ಎರಡು ನುಸಿ, ಅಷ್ಟು ಸಾಕು. ಗೊಬ್ಬರ ತಾಗಿದರೆ ನನ್ನ ಬೇರು ಸುಟ್ಟುಹೋಗುತ್ತದೆ. ಈ ಮೊಗ್ಗು ಅರಳಿ ಬೀಜ ಉದುರುವ ತನಕವಾದರೂ ನನ್ನನ್ನು ಬಿಟ್ಟುಬಿಡಿ.”

“ಬಡವರ ಮನೆಯ ಮಕ್ಕಳೆಲ್ಲ ಮೊದಲು ಹೀಗೇ ಸಂಕೋಚಪಡುವುದು,” ಎಂದು ನಕ್ಕು ಬುಟ್ಟಿ ಓರೆಯಾಗಿ ಒಂದು ಹಿಡಿ ಸುರಿಯಿತು.

ಮರುದಿನ ಎಲೆಯ ಅಂಟು ಆರಿತು. “ಇನ್ನೂ ಸಾಲದೇನೋ,” ಎಂದು ಬುಟ್ಟಿ ಇನ್ನೊಂದು ಹಿಡಿ ಹಾಕಿತು. ನಾಲ್ಕನೆಯ ದಿನ ಮೊಗ್ಗು ಅರಳದೆಯೇ ಕಪ್ಪಾಗಿ ಬಾಗಿತು. ಗಿಡ ಮತ್ತೆ ಮಾತಾಡಲಿಲ್ಲ.

ಬುಟ್ಟಿ ನಿಜವಾಗಿಯೂ ಅತ್ತಿತು. ಅದರ ದುಃಖದಲ್ಲಿ ಕಪಟವಿರಲಿಲ್ಲ, ಇದನ್ನು ಹೇಳಲೇಬೇಕು. ಮುಂದಿನ ವಾರ ಜೌಗಿನಿಂದ ಅದೇ ಜಾತಿಯ ಇನ್ನೊಂದು ಗಿಡ ಬಂದಾಗ ಬುಟ್ಟಿ ಕಣ್ಣೊರೆಸಿಕೊಂಡು ಹೇಳಿತು:

“ಬಾ ಮಗಳೇ. ನಿನ್ನ ಅಕ್ಕನಿಗೆ ಕೊಡುವುದು ತಡವಾಯಿತು. ನಿನಗೆ ಈಗಲೇ ಕೊಡುತ್ತೇನೆ.”