ರುಚಿ ನೋಡುವ ಪುಸ್ತಕ

ದ್ಯಾಮವ್ವ ಶಾಲೆಯ ಬಿಸಿಯೂಟದ ಅಡುಗೆಯವಳು. ಸಾರು ಕುದಿಯುತ್ತಿದ್ದಾಗ ಬರ್ಗರ್ ಕಂಪನಿಯ ಮ್ಯಾನೇಜರ್ ಆಟದ ಗೊಂಬೆ ಕಟ್ಟಿದ ಇನ್ನೂರು ಬರ್ಗರ್ ಪೊಟ್ಟಣಗಳನ್ನು ಪ್ರಚಾರಕ್ಕೆಂದು ತಂದಿಳಿಸಿದ.

"ಇವತ್ತು ನಿನ್ನ ಸಾರು ಬೇಡ. ಮಕ್ಕಳಿಗೆ ಇದನ್ನೇ ಹಂಚು."

"ಗೊಂಬಿ ಆಶಾಕ್ಕ ಹುಡುಗ್ರು ದಿನಾ ಇದೇ ಬೇಕಂತ ಹಟ ಹಿಡಿದು ಹೊಟ್ಟಿ ಕೆಡಿಸಿಕೊಂಡ್ರ ಯಾರ್ರೀ ಹೊಣೆ?"

"ಹೆತ್ತವರು. ನಾವೇನು ಬಾಯಿಗೆ ತುರುಕ್ತೀವಾ?"

ದಣಿದಿದ್ದ ದ್ಯಾಮವ್ವ ವಾದಕ್ಕಿಳಿಯಲಿಲ್ಲ. ರುಚಿ ನೋಡುವ ಪುಸ್ತಕ ತಂದಿಟ್ಟಳು.

"ಇಲ್ಲಿ ಉಣ್ಣಾಕ ಕೊಡೋರು ಮೊದಲು ತಾವು ತಿಂದು, ಹೊಣೆ ನಂದು ಅಂತ ಸಹಿ ಹಾಕಬೇಕ್ರಿ. ಹದಿನಾಲ್ಕು ವರ್ಷ ನಾ ಹಾಕೇನಿ. ಇವತ್ತು ನಿಮ್ಮ ಪಾಳಿ."

ಮ್ಯಾನೇಜರ್ ಗತ್ತಿನಿಂದ ಬರ್ಗರ್ ತಿಂದ. ಪೆನ್ನು ಹಿಡಿದು ಪುಟ ಓದಿದ. ಹೊರಗೆ ಹೋಗಿ ಮೇಲಿನವರಿಗೆ ಫೋನ್ ಮಾಡಿದ. ಬಂದು ಪೊಟ್ಟಣಗಳನ್ನು ತಾನೇ ಹೊತ್ತು ವ್ಯಾನಿಗೆ ಹಾಕಿದ.

"ಸಹಿ ಹೆತ್ತವರೇ ಹಾಕಬೇಕಂತೆ," ಎಂದು ಗೊಣಗಿದ.

"ಅವರು ಕೂಲಿಗೆ ಹೋಗ್ಯಾರ್ರಿ," ಎಂದಳು ದ್ಯಾಮವ್ವ. "ಅದಕ್ಕ ನನ್ನನ್ನ ಇಲ್ಲಿ ಇಟ್ಟಾರ."